ಎಂಟನೇ ಸ್ಥಾನದ ಸಂತೋಷ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದರೆ ಮುಂದಿನದೆಲ್ಲ ನಿಮಗೆ ಬಾಯಿಪಾಠ. ಅವನ ಕಣಜ, ಅವನ ಗರ್ವ, ಕೊನೆಗೆ ಅವನ ಗತಿ. ಅರ್ಧ ಜನ ಕಣಜ ತುಂಬುವಷ್ಟರಲ್ಲೇ ಕಣ್ಣು ಮುಚ್ಚುತ್ತೀರಿ, ನಾನು ಇಲ್ಲಿಂದ ನೋಡುತ್ತಿರುತ್ತೇನೆ. ಇವತ್ತು ಶ್ರೀಮಂತ ಬೇಡ. ಒಂದು ರೈಲ್ವೆ ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಹೆಸರು ಸೀಮೋನಪ್ಪ. ನಾನು ಈ ಚರ್ಚಿನ ಸಭೆಗೆ ಪಾಸ್ಟರಾಗಿ ಬರುವ ಮುಂಚೆ ಇದ್ದ ಸಭೆಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. "ಹೇಳ್ರಿ ಪಾಸ್ಟರ್, ಆದ್ರ ಟೀಮಿನ ಮರ್ಯಾದಿ ಮಾತ್ರ ಕಳೀಬ್ಯಾಡ್ರಿ" ಎಂದ.

ಟೀಮು ಎಂದರೆ ಫುಟ್‌ಬಾಲ್ ಟೀಮು. ನಗಬೇಡಿ.

ಈ ಸೀಮೋನಪ್ಪ ಕುಡಿಯುತ್ತಿದ್ದ. ಮೂರು ಸಲ ಬಿಟ್ಟಿದ್ದ. ಮೂರು ಸಲವೂ ಸಭೆಯ ಮುಂದೆ ಎದ್ದು ನಿಂತು ಕುಡಿತ ಬಿಟ್ಟೆನೆಂದು ಸಾಕ್ಷಿ ಹೇಳಿದ್ದ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು, ಫೋಟೋ ತೆಗೆದಿದ್ದೆವು. ಮೂರು ಸಲವೂ ಬಿದ್ದ. ಮೂರನೆಯ ಸಲ ಬಿದ್ದಾಗ ಹೆಂಡತಿ ಎಸ್ತೇರಮ್ಮ ತನ್ನ ಅಣ್ಣನ ಊರಿಗೆ ಹೋದಳು. ಅವಳನ್ನು ಯಾರೂ ದೂರುವಂತಿಲ್ಲ. ನಾಲ್ಕನೆಯ ಸಲ ಬಿಟ್ಟಾಗ ಸೀಮೋನಪ್ಪ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ. ನನಗೂ ಹೇಳಲಿಲ್ಲ. ಹೇಳಿ ಹೇಳಿ ಅವನ ಮಾತಿಗೆ ಬೆಲೆ ಇರಲಿಲ್ಲ, ಅದು ಅವನಿಗೇ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿದರೆ ಅವನ ಕಾಲು ತಾನಾಗಿ ಹೆಂಡ ಮಾರುವ ಸೆರೆ ಅಂಗಡಿಯ ಕಡೆ ತಿರುಗುತ್ತಿತ್ತು. ಆ ಕಾಲುಗಳಿಗೆ ಬೇರೆ ಕೆಲಸ ಕೊಡಬೇಕಿತ್ತು. ಅದಕ್ಕೇ ಅವನು ಮೈದಾನಕ್ಕೆ ಹೋಗತೊಡಗಿದ. ಅಲ್ಲಿ ರೈಲ್ವೆ ಕಾಲೋನಿಯ ಟೀಮು ಆಡುತ್ತಿತ್ತು. ಈಗಿನ ಆಟಗಾರರ ಅಪ್ಪಂದಿರ ಕಾಲದಲ್ಲಿ ಇಡೀ ಕಾಲೋನಿ ಬಂದು ನೋಡುತ್ತಿತ್ತಂತೆ. ಈಗ ನೋಡುವವರು ಹತ್ತೋ ಹನ್ನೆರಡೋ ಜನ, ಅವರಲ್ಲಿ ನಾಲ್ಕು ಜನ ಆಟಗಾರರ ಚಪ್ಪಲಿ ಕಾಯಲು ಬಂದವರು. ಸೀಮೋನಪ್ಪ ಒಬ್ಬನೇ ಮೆಟ್ಟಿಲ ಮೇಲೆ ಕೂತು ಕೂಗುತ್ತಿದ್ದ. ಅವನ ಕೂಗು ಎದುರಿನ ಗೋಡೆಗೆ ಬಡಿದು ಅವನಿಗೇ ವಾಪಸ್ ಕೇಳುತ್ತಿತ್ತು. ಕೂಗಿ ಕೂಗಿ ಗಂಟಲು ಒಣಗಿದರೆ ನೀರು ಕುಡಿಯುತ್ತಿದ್ದ. ನೋಡಿ, ನೀರು.

ಆಟ ಗೊತ್ತಿಲ್ಲದ ಅಮ್ಮಂದಿರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಒಂದನೇ ಡಿವಿಷನ್ನಿನಲ್ಲಿ ಹತ್ತು ಟೀಮು. ವರ್ಷದ ಕೊನೆಗೆ ಕಡೆಯ ಎರಡು ಟೀಮು ಎರಡನೇ ಡಿವಿಷನ್ನಿಗೆ ಬೀಳುತ್ತವೆ. ಬಿದ್ದ ಟೀಮನ್ನು ಒಳ್ಳೆಯ ಆಟಗಾರರು ಬಿಟ್ಟು ಹೋಗುತ್ತಾರೆ, ಪೇಪರಿನವರು ಮರೆಯುತ್ತಾರೆ. ಮೇಲೆ ಬರುವುದಕ್ಕೆ ಕೆಲವರಿಗೆ ಹತ್ತು ವರ್ಷ ಬೇಕು, ಕೆಲವರು ಬರುವುದೇ ಇಲ್ಲ. ಎಂಟನೆಯವನು ಉಳಿಯುತ್ತಾನೆ. ಒಂಬತ್ತನೆಯವನು ಬೀಳುತ್ತಾನೆ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಎಷ್ಟು ದೂರ? ಆ ವರ್ಷ ಒಂದೇ ಒಂದು ಪಾಯಿಂಟಿನ ದೂರ.

ಎಂಟರಲ್ಲಿ ಕಾಲೋನಿ ಟೀಮು. ಒಂಬತ್ತರಲ್ಲಿ ಪಕ್ಕದ ಊರಿನ ಗಿರಣಿ ಟೀಮು. ಕೊನೆಯ ಶನಿವಾರ ಇವರಿಬ್ಬರಿಗೇ ಆಟ ಬಿತ್ತು. ಕಾಲೋನಿಯವರು ಸೋಲದಿದ್ದರೆ ಸಾಕು. ಗಿರಣಿಯವರು ಗೆಲ್ಲಲೇಬೇಕು. ಇಬ್ಬರದೂ ಒಂದೊಂದು ಗೋಲಾಗಿ ಆಟ ಮುಗಿಯಲು ಇನ್ನೇನು ಒಂದು ನಿಮಿಷ ಇತ್ತು. ಗಿರಣಿಯ ಹುಡುಗನೊಬ್ಬ ದೂರದಿಂದ ಒದ್ದ. ಚೆಂಡು ಗೋಲಿನ ಕಂಬಕ್ಕೆ ಬಡಿಯಿತು, ಕೆಳಗೆ ಬಿತ್ತು, ಗೆರೆಯ ಮೇಲೇ ಉರುಳಿತು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕಾಲೋನಿಯ ಗೋಲಿ, ಅಂದರೆ ಗೋಲು ಕಾಯುವ ಹುಡುಗ, ಅದರ ಮೇಲೆ ಕವುಚಿ ಬಿದ್ದ. ಅಷ್ಟರಲ್ಲಿ ಆಟ ಮುಗಿದ ಸೀಟಿ ಕೇಳಿತು.

ಸೀಮೋನಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಅವನು ಕುಡಿಯುವುದನ್ನು ಬಿಟ್ಟು ಅವತ್ತಿಗೆ ಸರಿಯಾಗಿ ಹನ್ನೊಂದು ತಿಂಗಳಾಗಿತ್ತು.

ಟೀಮು ನಡೆಸುವ ಕಮಿಟಿಯವರು ತಮ್ಮ ತಮ್ಮ ಕೊರಳಿಗೆ ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಹೋದರು. ಸೀಮೋನಪ್ಪನಿಗೆ ಈ ಸಂತೋಷವನ್ನು ಯಾರ ಮುಂದಾದರೂ ಇಡಬೇಕೆನ್ನಿಸಿತು. ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡ. ಮೊದಲು ಹೋದದ್ದು ಗಂಗಾಧರನ ಮನೆಗೆ. ಗಂಗಾಧರ ಹಿಂದೆ, ಹುಡುಗರಾಗಿದ್ದಾಗ, ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಕೂಗಿದ ದೋಸ್ತ. ಈಗ ಟೀವಿಯಲ್ಲಿ ಯಾವುದೋ ದೂರದ ದೇಶದ ಆಟ ನೋಡುತ್ತಿದ್ದ.

"ಉಳಕೊಂಡ್ವಿ ದೋಸ್ತ" ಎಂದ ಸೀಮೋನಪ್ಪ.

"ಎಷ್ಟನೇದು?"

"ಎಂಟು."

ಗಂಗಾಧರ ಹೊಟ್ಟೆ ಹಿಡಿದು ನಕ್ಕ. "ಹತ್ತರಾಗ ಎಂಟನೇದು ಬಂದಿದ್ದಕ್ಕ ಪೇಡೆ ಹಂಚತೀಯೇನಲೇ? ಕಪ್ ಗೆದ್ದವರು ಏನ ಹಂಚಬೇಕು? ಇದು ಗೆದ್ದಿದ್ದಲ್ಲಪಾ, ಸಾಯಲಿಲ್ಲ ಅಂತ ಹಬ್ಬ ಮಾಡಿಧಂಗ."

ಗಂಗಾಧರನ ಮಾತು ತಪ್ಪೇನು? ಲೆಕ್ಕದ ಪ್ರಕಾರ ತಪ್ಪಲ್ಲ. ಅವನು ಎರಡು ಪೇಡೆ ತಿಂದು ಟೀವಿಯ ಕಡೆ ತಿರುಗಿದ.

ಎರಡನೆಯ ಬಾಗಿಲು ಪಾಸ್ಟರದು. ಹೌದು, ನನ್ನದು.

ನಾನು ಮರುದಿನದ ಆರಾಧನೆಯಲ್ಲಿ ಹೇಳುವ ಪ್ರಸಂಗ ಬರೆಯುತ್ತಾ ಕೂತಿದ್ದೆ. ಅದರ ವಿಷಯ ಏನಿತ್ತು ಎಂದು ಈಗ ನನಗೇ ನೆನಪಿಲ್ಲ, ಕೇಳಿದವರಿಗೆ ಎಲ್ಲಿಂದ ಇರಬೇಕು? ಸೀಮೋನಪ್ಪ ಬಾಗಿಲಲ್ಲಿ ನಿಂತು "ಪಾಸ್ಟರ್, ಉಳಕೊಂಡ್ವಿ" ಎಂದ.

"ಯಾರು?"

"ಕಾಲೋನಿ ಟೀಮ್ ರಿ."

"ಗೆದ್ದಿರೇನು?"

"ಇಲ್ರಿ. ಸಮ ಆತು. ಆದ್ರ ಉಳಕೊಂಡ್ವಿ."

"ಒಳ್ಳೇದಾಯ್ತು. ಬರೋ ವರ್ಷ ಇನ್ನೂ ಮೇಲೆ ಬರಲಿ. ದೇವರು ಆಶೀರ್ವಾದ ಮಾಡಲಿ" ಎಂದೆ. ಬಲಗೈಯಲ್ಲಿ ಪೇಡೆ ತೆಗೆದುಕೊಂಡೆ. ಎಡಗೈ ಬೆರಳು ಪುಸ್ತಕದ ನಡುವೆ ಗುರುತಿಗೆ ಇಟ್ಟದ್ದನ್ನು ತೆಗೆಯಲಿಲ್ಲ. ಅವನು ನಿಂತೇ ಇದ್ದ. "ಮತ್ತೇನಾದರೂ ಇತ್ತೇನು?" ಎಂದು ಕೇಳಿದೆ.

"ಏನಿಲ್ರಿ."

ಚಪ್ಪಲಿ ಮೆಟ್ಟಿ ಹೋದ. ಆ 'ಏನಿಲ್ರಿ'ಯೊಳಗೆ ಹನ್ನೊಂದು ತಿಂಗಳು ಇತ್ತು. ನಾನು ಹಾಳೆ ತಿರುಗಿಸಿದೆ.

ಹೊರಗೆ ಬೇವಿನ ಮರದ ಕೆಳಗೆ ನಿಂತು ಅವನು ಹೆಂಡತಿಗೆ ಫೋನ್ ಮಾಡಿದ. ಮೂರು ತಿಂಗಳ ನಂತರದ ಫೋನು.

"ಉಳಕೊಂಡ್ವಿ" ಎಂದ.

"ಏನು?"

"ನಮ್ಮ ಟೀಮು."

ಎಸ್ತೇರಮ್ಮ ಕೇಳಿದಳು, "ಕುಡದೀರೇನು?"

"ಇಲ್ಲ ಎಸ್ತೇರ."

"ಆತು ಬಿಡ್ರಿ. ನಾ ಒಲೀ ಮ್ಯಾಲ ಹಾಲ ಇಟ್ಟೇನಿ." ಫೋನ್ ಇಟ್ಟಳು.

ಅವನು ನಿಜ ಹೇಳಿದ್ದ. ಆದರೆ ಸುಳ್ಳು ಹೇಳುವಾಗಲೂ ಇದೇ ಎರಡು ಶಬ್ದ ಹೇಳುತ್ತಿದ್ದ. ನೀವೇ ಹೇಳಿ, ಅವಳಿಗೆ ಹೇಗೆ ಗೊತ್ತಾಗಬೇಕು?

ನನ್ನ ಮನೆಯಿಂದ ಅವನ ಕ್ವಾರ್ಟರ್ಸಿಗೆ ಎರಡು ದಾರಿ. ಒಂದು ಸೆರೆ ಅಂಗಡಿಯ ಮುಂದೆ, ಇನ್ನೊಂದು ಸ್ಟೇಷನ್ನಿನ ಮೂಲಕ ಸುತ್ತು. ಸಂತೋಷವಾದಾಗ ಕುಡಿಯಬೇಕು ಎನ್ನಿಸುತ್ತದೆ, ದುಃಖವಾದಾಗಲೂ ಎನ್ನಿಸುತ್ತದೆ. ಅವತ್ತು ಅವನಿಗೆ ಎರಡೂ ಆಗಿತ್ತು. ಅಂಗಡಿಯ ದಾರಿಗೆ ಹೋದರೆ ಒಳಗೆ ಹೋಗುತ್ತೇನೆ ಎಂದು ಅವನಿಗೆ ಖಾತ್ರಿಯಾಗಿ ಗೊತ್ತಿತ್ತು. ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ. ಹೋಗಬೇಕಾದ ಊರಿಲ್ಲ, ಬರಬೇಕಾದವರಿಲ್ಲ, ಸುಮ್ಮನೆ ಕೂತ.

ಅದೇ ಬೆಂಚಿನ ಆ ತುದಿಗೆ ಒಬ್ಬ ಮುದುಕ ಕೂತಿದ್ದ. ಬಿಳಿ ಗಡ್ಡ, ತೊಡೆಯ ಮೇಲೆ ಹಸಿರು ಬಾವುಟದ ಸುರುಳಿ. ಹಸಿರು ಗಿರಣಿ ಟೀಮಿನ ಬಣ್ಣ. ಸೀಮೋನಪ್ಪ ಮೆಲ್ಲಗೆ ಪೇಡೆಯ ಪೆಟ್ಟಿಗೆಯನ್ನು ಬೆನ್ನ ಹಿಂದೆ ಸರಿಸಿದ. ಮುದುಕ ಅವನ ಕೊರಳಲ್ಲಿದ್ದ ನೀಲಿ ಕರ್ಚೀಫು ನೋಡಿದ.

"ಕಾಲೋನಿಯವ್ರೇನ್ರಿ?"

"ಹೌದ್ರಿ."

"ನಾ ಗಿರಣಿದವ. ದಸ್ತಗೀರಸಾಬ ಅಂತಾರ. ಹಿಂದಕ್ಕ ನಾನ ಗೋಲಿ ಇದ್ದೆ. ಈಗ ನೋಡಾಕ ಬರೋನೂ ನಾ ಒಬ್ಬನ."

"ಹುಡುಗೂರು ಎಲ್ಲಿ ಅದಾರ್ರಿ?"

"ಟೆಂಪೋದಾಗ ಹೋದ್ರು. ಅಳಾಕ ಹತ್ತಿದ್ರು. ನಾ ಕುಂತ್ರ ಅವ್ರಿಗೆ ಸಂಕೋಚ. ಅದಕ್ಕ ಪ್ಯಾಸೆಂಜರ್ ಹಿಡದ ಹೋದ್ರಾತು ಅಂತ ಇಲ್ಲಿ ಬಂದೆ."

ಸೀಮೋನಪ್ಪ ನೆಲ ನೋಡುತ್ತಾ ಹೇಳಿದ, "ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ನಾವೇನ ಗೆದ್ದಿಲ್ರಿ. ಬರೇ ಎಂಟನೇದು."

ಮುದುಕ ಅವನ ಕಡೆ ಪೂರ್ತಿ ತಿರುಗಿ ಕೂತ. "ಬರೇ ಅನ್ನಬ್ಯಾಡ್ರಿ. ಯಾರ ಅಂದ್ರು ನಿಮಗ ಬರೇ ಅಂತ? ಕಪ್ ಗೆದ್ದವರು ಅಂದಿರಬೇಕು. ನನ್ನ ಕೇಳ್ರಿ. ಬಿದ್ದವನ್ನ ಕೇಳ್ರಿ, ಎಂಟು ಅಂದ್ರ ಎಷ್ಟ ಎತ್ತರ ಅಂತ." ಬಾವುಟವನ್ನು ಬೆಂಚಿನ ಮೇಲೆ ಇಟ್ಟು ಕೇಳಿದ, "ಚೆಂಡು ಕಂಬಕ್ಕ ಬಡದ ಗೆರೀ ಮ್ಯಾಲ ಉಳ್ಳಾಕ ಹತ್ತಿತ್ತಲ್ರಿ, ಆವಾಗ ನಿಮಗ ಒಳಗ ಹೆಂಗಾತ್ರಿ?"

ನೋಡಿ. ಆ ಇಡೀ ಊರಿನಲ್ಲಿ ಇದನ್ನು ಕೇಳಿದವನು ಅವನೊಬ್ಬ. ಗೆಳೆಯ ಕೇಳಲಿಲ್ಲ. ಪಾಸ್ಟರ್ ಕೇಳಲಿಲ್ಲ. ಕೇಳಿದವನು ಯಾರು? ಅದೇ ಚೆಂಡು ಒಳಗೆ ಹೋಗಲಿ ಎಂದು ಎದೆ ಹಿಡಿದು ಕೂತಿದ್ದವನು. ಹೋಗದೆ ಸೋತವನು.

ಸೀಮೋನಪ್ಪ ಹೇಳಿದ. ಚೆಂಡಿನಿಂದ ಶುರು ಮಾಡಿದವನು ಚೆಂಡಿನಲ್ಲಿ ನಿಲ್ಲಲಿಲ್ಲ. ಹನ್ನೊಂದು ತಿಂಗಳ ಕಥೆ ಹೇಳಿದ. ಕೈ ನಡುಗಿದ ಬೆಳಗುಗಳು, ಅಂಗಡಿಯ ಮುಂದೆ ಸೈಕಲ್ಲಿನಿಂದ ಇಳಿದು ಮತ್ತೆ ಹತ್ತಿದ ಸಂಜೆಗಳು, ಯಾರಿಗೂ ಹೇಳದೆ ಒಬ್ಬನೇ ಎಣಿಸಿದ ದಿನಗಳು. ಮುದುಕ ನಡುವೆ ಬುದ್ಧಿ ಹೇಳಲಿಲ್ಲ. ತನ್ನ ಕಥೆ ತರಲಿಲ್ಲ. ಕೇಳಿದ. ಗಾಡಿ ಬರುವ ಗಂಟೆ ಹೊಡೆದಾಗ ಎದ್ದು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡ.

"ಆ ಬೆನ್ನ ಹಿಂದಿನ ಪೆಟಿಗ್ಯಾಗ ಏನೈತ್ರಿ?"

"ಪೇಡೆ ರಿ. ನಿಮಗ ಹೆಂಗ ಕೊಡ್ಲಿ ಅಂತ..."

"ಒಂದ ಕೊಡ್ರಿ. ನಿಮ್ಮ ಟೀಮಿನ ಸಲುವಾಗಿ ತಿನ್ನಾಂಗಿಲ್ಲ, ಹೇಳಿರ್ತೇನಿ. ಹನ್ನೊಂದು ತಿಂಗಳದ ಸಲುವಾಗಿ ತಿಂತೇನಿ."

ತಿಂದ. ಸೀಮೋನಪ್ಪನ ತಲೆಯ ಮೇಲೆ ಒಂದು ಸಲ ಕೈಯಿಟ್ಟ. ಗಾಡಿ ಹತ್ತಿದ. ಗಾಡಿ ಹೋಯಿತು. ಪ್ಲಾಟ್‌ಫಾರ್ಮಿನ ಮೇಲೆ ಸೀಮೋನಪ್ಪ ಮತ್ತೆ ಒಬ್ಬನೇ. ಮನೆಗೆ ಹೋಗಿ ಅನ್ನಕ್ಕಿಟ್ಟ, ಒಬ್ಬನೇ ಉಂಡ. ಆ ಸಂಜೆ ಅವನು ಕುಡಿಯಲಿಲ್ಲ. ಅಷ್ಟೇ. ಅದನ್ನೂ ಯಾರೂ ನೋಡಲಿಲ್ಲ.

ನನಗೆ ಇದೆಲ್ಲ ಹೇಗೆ ತಿಳಿಯಿತು ಎನ್ನುತ್ತೀರಾ? ಆಮೇಲೆ ಎರಡು ತಿಂಗಳು ಅವನು ಆರಾಧನೆಗೆ ಬರಲಿಲ್ಲ. ಮತ್ತೆ ಕುಡಿಯಲು ಶುರು ಮಾಡಿರಬೇಕು ಎಂದು ಬೈಯಲು ಹೋದೆ. ಬೈಯಲು ಹೋದವನಿಗೆ ಅವನು ಚಹಾ ಮಾಡಿಕೊಟ್ಟು ಈ ಕಥೆ ಹೇಳಿದ. ನನ್ನ ಚಹಾ ಆರಿಹೋಯಿತು.

ಇದು ಎಲ್ಲ ಸರಿಹೋಗುವ ಕಥೆಯಲ್ಲ. ಎಸ್ತೇರಮ್ಮ ಇನ್ನೂ ಬಂದಿಲ್ಲ. ಆ ಟೀಮಿನ ಕಮಿಟಿಯವರು ಉಳಿದದ್ದನ್ನೇ ದೊಡ್ಡ ಸಾಧನೆ ಎಂದು ಬ್ಯಾನರ್ ಕಟ್ಟಿದರು, ಬ್ಯಾನರ್ ನೋಡುತ್ತಾ ಅಭ್ಯಾಸ ಮಾಡಿಸುವುದನ್ನು ಬಿಟ್ಟರು, ಮುಂದಿನ ವರ್ಷ ಟೀಮು ಬಿತ್ತು. ಅಷ್ಟರಲ್ಲಿ ನಾನು ಈ ಊರಿಗೆ ಬಂದಾಗಿತ್ತು. ಸೀಮೋನಪ್ಪನ ಫೋನು ಬಂತು. "ಪಾಸ್ಟರ್, ಈ ಸಲ ಬಿದ್ವಿ ರಿ."

ಈ ಸಲ ನಾನು ಪುಸ್ತಕ ಮುಚ್ಚಿಟ್ಟೆ. "ನೀನು?" ಎಂದು ಕೇಳಿದೆ.

"ನಾ ಉಳದೇನ್ರಿ" ಎಂದ.

ಈಗ ನಿಮ್ಮ ಕಡೆ ಬರುತ್ತೇನೆ. ಬೀಳದೆ ಉಳಿಯುವುದು ಗೆಲುವೇ? ಕಮಿಟಿಯವರನ್ನು ನೋಡಿದರೆ ಅಲ್ಲ ಎನ್ನಬೇಕು. ಉಳಿದದ್ದಕ್ಕೆ ಹಾರ ಹಾಕಿಕೊಂಡು ಕೂತರೆ ಅದು ಬೀಳುವುದಕ್ಕೆ ಮೊದಲ ಮೆಟ್ಟಿಲು. ನಿಮ್ಮ ಬಗ್ಗೆ ನೀವು ಹಾಗೆ ಕಟುವಾಗಿಯೇ ಇರಿ. ಆದರೆ ಇನ್ನೊಬ್ಬನ ಎಂಟನೇ ಸ್ಥಾನಕ್ಕೆ ನಗಬೇಡಿ. ನಗಲು ನೀವು ಯಾರು? ಅವನು ಎಲ್ಲಿಂದ ಬೀಳುವುದಿತ್ತು ಎಂದು ನಿಮಗೆ ಗೊತ್ತೇ? ಚೆಂಡು ಅವನ ಗೆರೆಯ ಮೇಲೆ ಎಷ್ಟು ಹೊತ್ತು ಉರುಳಿತು ಎಂದು ಗೊತ್ತೇ?

ಮೂವತ್ತೈದು ಅಂಕ ಬಂದ ಮಗಳು ಮಾರ್ಕ್ಸ್ ಕಾರ್ಡ್ ಹಿಡಿದು ಬಂದರೆ, ತೊಂಬತ್ತು ಬಂದ ಪಕ್ಕದ ಮನೆಯವಳ ಹೆಸರು ಎತ್ತಬೇಡಿ. ಗಂಡ ಸತ್ತು ಆರು ತಿಂಗಳಾದ ಹೆಂಗಸು "ನಿನ್ನೆ ಅಂಗಡಿಗೆ ಹೋಗಿ ಬಂದೆ" ಎಂದರೆ, "ಅದರಲ್ಲೇನು?" ಎನ್ನಬೇಡಿ. ಸಿಟ್ಟಿನ ಗಂಡ ಈ ವಾರ ತಟ್ಟೆ ಎಸೆಯದೆ ಎದ್ದು ಹೊರಗೆ ಹೋಗಿದ್ದರೆ, ಅಮ್ಮ, ನಿನಗೆ ಅನ್ನಿಸಿದರೆ, ಅನ್ನಿಸಿದರೆ ಮಾತ್ರ, "ನಾನು ಗಮನಿಸಿದೆ" ಎಂದು ಒಂದು ಮಾತು ಹೇಳು. ಇಂಥ ಸಂತೋಷಗಳು ಹೊರಗಿನಿಂದ ಕಾಣುವುದಿಲ್ಲ. ಗೆದ್ದವನ ಮನೆಗೆ ಊರೇ ಬರುತ್ತದೆ. ಬಿದ್ದವನ ಮನೆಗೂ ನಾಲ್ಕು ಜನ ಬರುತ್ತಾರೆ, ಅಯ್ಯೋ ಎನ್ನಲಾದರೂ. ಬೀಳದೆ ಉಳಿದವನ ಮನೆಗೆ ಯಾರು ಹೋಗುತ್ತಾರೆ? ಅವನಷ್ಟು ಒಂಟಿ ಯಾರೂ ಇಲ್ಲ.

ಈ ವಾರ ನಿಮ್ಮ ಬಾಗಿಲಿಗೆ ಯಾರಾದರೂ ಸಣ್ಣ ಸುದ್ದಿ ತಂದರೆ ಟೀವಿ ಆರಿಸಿ. ಬಂದವನಿಗೆ ಕುರ್ಚಿ ಕೊಡಿ. ಬುದ್ಧಿ ಹೇಳಬೇಡಿ, ಬರುವ ವರ್ಷದ ಮಾತು ಎತ್ತಬೇಡಿ. ಅವನು "ಏನಿಲ್ರಿ" ಎಂದರೆ ನಂಬಬೇಡಿ, ಇನ್ನೊಂದು ಸಲ ಕೇಳಿ. ಇಷ್ಟೇ ನಾನು ನಿಮಗೆ ಹೇಳುವುದು.

ನನಗೆ ನಾನೇ ಹೇಳಿಕೊಂಡದ್ದೂ ಒಂದಿದೆ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಮುಂಬಾಗಿಲಲ್ಲಿ ನಿಂತು ಹಿರಿಯರ ಕೈಕುಲುಕುತ್ತೇನೆ. ಕೊನೆಯ ಬೆಂಚಿನಲ್ಲಿ ತಡವಾಗಿ ಬಂದು ಕೂತವರು ಅಷ್ಟರಲ್ಲಿ ಬಾವಿಯ ಪಕ್ಕದ ಸಣ್ಣ ಗೇಟಿನಿಂದ ತಲೆ ತಗ್ಗಿಸಿ ಹೋಗಿಬಿಟ್ಟಿರುತ್ತಾರೆ. ಹಿರಿಯರು ಕ್ಷಮಿಸಬೇಕು. ಇವತ್ತಿನಿಂದ ನಾನು ನಿಲ್ಲುವುದು ಆ ಸಣ್ಣ ಗೇಟಿನಲ್ಲಿ.