ಹೆಂಚು ಹೊದಿಸದ ಸೇತುವೆ

ಇದು ಯಾರೋ ಕಟ್ಟಿ ಹೇಳಿದ್ದಲ್ಲ, ನಮ್ಮ ಪಕ್ಕದ ಮನೆ ಬೋಲಿನ್‌ಗೇ ಆಗಿದ್ದು. ನಗೋರಿದ್ದರೆ ಈಗಲೇ ಎದ್ದು ಹೋಗಿ.

ಬೋಲಿನ್ ಸೇತುವೆ ಕಟ್ಟೋ ಬಡಗಿ. ಆ ವರ್ಷ ನಮ್ಮೂರ ಹೊಳೆಗೆ ಮರದ ಕಮಾನು ಕೂರಿಸಿದ್ದ. ನಡುವೆ ಒಂದೂ ಕಂಬ ಇಲ್ಲ, ತೊಲೆಗೆ ತೊಲೆ ಹೆಣೆದದ್ದು. ಅಂಥ ಸೇತುವೆ ಭಾರ ಬಿದ್ದಷ್ಟೂ ಬಿಗಿಯಾಗುತ್ತೆ. ಅದಕ್ಕೇ ಅದರ ಮೇಲೆ ಮನೆ ಹಾಗೆ ಚಾವಣಿ ಎಬ್ಬಿಸಿ ಹೆಂಚು ಹೊದಿಸೋದು. ಹೆಂಚು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಬೆಟ್ಟದ ಮೇಲೆ ವಸಂತದ ಮಳೆ ಹಿಡೀತು. ಹೊಳೆ ಏರಿದರೆ ಬರೀ ಕಮಾನನ್ನ ಸೊಪ್ಪಿನ ಹೊರೆ ಹಾಗೆ ಎತ್ತಿಕೊಂಡು ಹೋಗುತ್ತೆ.

ಕತ್ತಲಾಗೋವರೆಗೂ ಕಮಾನಿನ ಮೇಲೆ ಕಲ್ಲು ಹೇರಿಸಿದ. ಭಾರ ಸಾಲಲಿಲ್ಲ. ಒಬ್ಬನೇ ಮನೆ ಕಡೆ ಹೊರಟ. ಬಾವಿ ದಾಟಿದ್ದ ಅಷ್ಟೇ...

"ತು ಬೋಲಿನ್..."

ಮನೆತನದ ಹೆಸರೂ ಸೇರಿಸಿ ಯಾರೋ ಹಿಂದಿನಿಂದ ಕರೆದರು. ನಮ್ಮ ಕಡೆ ಸೇತುವೆ ಮುಗಿಯೋವರೆಗೂ ಕತ್ತಲಾದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯಲ್ಲ. ಓಗೊಟ್ಟವರು ಸೇತುವೆ ಪಾಲು ಅಂತಾರೆ. ಅವನು ತಿರುಗಲಿಲ್ಲ. ಹಿಂದೆ ಟಪ್... ಟಪ್... ಒದ್ದೆ ಹಲಗೆ ಮೇಲೆ ಬರಿಗಾಲಿಟ್ಟ ಸದ್ದು. ಅಲ್ಲಿರೋದು ಮಣ್ಣಿನ ದಾರಿ ಕಣ್ರೀ, ಹಲಗೆ ಎಲ್ಲಿಂದ ಬರಬೇಕು?

ಮನೆ ಹೊಕ್ಕವನೇ ಅಗುಳಿ ಹಾಕಿದ. ಹೆಂಡತಿ ಶುಮೆಯ್ ಮಗಳನ್ನ ತಟ್ಟಿ ಮಲಗಿಸ್ತಿದ್ದಳು.

"ಏನ್ರೀ, ಮುಖ ಹೀಗೆ ಬಿಳಿಚಿಕೊಂಡಿದೆ?"

"ಶ್... ದೀಪ ಆರಿಸು. ಕರೀತಾ ಇದೆ."

"ಓಗೊಟ್ರಾ?"

"ಇಲ್ಲ ಮಾರಾಯ್ತಿ, ನಾನೇನು ಪೆದ್ದನಾ?"

ಬಾಗಿಲು ಕಿರ್‌ರ್ ಅಂತು, ಹೊರಗೆ ಯಾರೋ ಒರಗಿಕೊಂಡ ಹಾಗೆ. ಮತ್ತೆ ಅದೇ ದನಿ. ಈ ಸಲ ಅವನ ಹೆಸರಲ್ಲ.

"ತು ಸುಯಿನ್..."

ನಾಲ್ಕು ವರ್ಷದ ಮಗಳ ಹೆಸರು. ಮಗು ನಿದ್ದೆಗಣ್ಣಲ್ಲೇ ಬಾಯಿ ತೆರೀತು. ಶುಮೆಯ್ ಅಂಗೈಯಿಂದ ಬಾಯಿ ಮುಚ್ಚಿದಳು. ಮಗು ಕೊಸರಾಡಿ ಕೈ ತಳ್ಳಿತು, ಇನ್ನೇನು 'ಊಂ' ಅನ್ನಬೇಕು... ಬೋಲಿನ್ ಬಾಗಿಲಿಗೆ ಧಾವಿಸಿದ.

"ನಾನು, ತು ಬೋಲಿನ್, ಇಲ್ಲಿದ್ದೀನಿ. ಮಗು ತಂಟೆಗೆ ಬರಬೇಡ" ಅಂದುಬಿಟ್ಟ.

ಹೊರಗೆ ಸದ್ದಡಗಿತು. ಶುಮೆಯ್ ತೋಳು ಕಚ್ಚಿಕೊಂಡು ಬೆಳಗಿನವರೆಗೂ ಅತ್ತಳು.

ಆ ರಾತ್ರಿಯೇ ಹೊಳೆ ಬಂತು. ಕೆಳಗಿನೂರಿನ ಕಲ್ಲಿನ ಸೇತುವೆಯೇ ಕೊಚ್ಚಿಹೋಯ್ತು. ನಮ್ಮ ಕಮಾನಿನ ಮೇಲೆ ಹೇರಿದ್ದ ಕಲ್ಲೆಲ್ಲ ನೀರುಪಾಲು. ಕಮಾನು ಮಾತ್ರ ಕೂತಲ್ಲಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಬೋಲಿನ್‌ಗೂ ಏನೂ ಆಗಲಿಲ್ಲ. ಎದ್ದ, ಎರಡು ಬಟ್ಟಲು ಗಂಜಿ ಕುಡಿದ. ಕತೆ ಕೇಳಿ ಊರೋರು ನಕ್ಕರು, ನಾನೂ ನಕ್ಕೆ.

ಒಂಬತ್ತು ದಿನಕ್ಕೆ ಬೇಸಿಗೆ ಹುಟ್ಟೋ ಹಬ್ಬದ ದಿನ ಬಂತು. ಅವತ್ತು ನಮ್ಮಲ್ಲಿ ದೊಡ್ಡ ತಕ್ಕಡಿ ಕೋಲಿಗೆ ಬುಟ್ಟಿ ಕಟ್ಟಿ ಮನೆಮಂದಿಯನ್ನೆಲ್ಲ ತೂಗ್ತೀವಿ. ಅದನ್ನ ಹೆಗಲಿಗೆ ಹೊತ್ತ ಇಬ್ಬರಲ್ಲಿ ನಾನೊಬ್ಬ. ಮೊದಲು ಸುಯಿನ್ ಕೂತಳು, ಮಗು ಇದ್ದಷ್ಟು ಭಾರ ಇತ್ತು. ಅವಳನ್ನ ಇಳಿಸಿ ಬೋಲಿನ್ ಕೂತು ಎರಡೂ ಕಾಲು ಮೇಲೆತ್ತಿಕೊಂಡ.

ನಂಬಿ, ಬಿಡಿ... ನನ್ನ ಹೆಗಲಿಗೆ ಖಾಲಿ ಬುಟ್ಟಿಯಷ್ಟೇ ಭಾರ ಇತ್ತು.