ಒಂದು ತುತ್ತು ಸಜ್ಜಿಗೆ

ಶ್ರೀಮಂತನೊಬ್ಬನಿದ್ದ, ಕೇಳಿ. ಯಾವ ಊರು ಎನ್ನಬೇಡಿ, ನಿಮ್ಮೂರೇ ಎಂದುಕೊಳ್ಳಿ. ದೊಡ್ಡ ಭಕ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಾದರೂ ಎದುರಾಡಿದರೆ ಮೈಯೆಲ್ಲ ಉರಿ. ಇಂಥವನ ನಾಲ್ಕು ವರ್ಷದ ಮೊಮ್ಮಗನಿಗೆ ಹರ್ನಿಯಾ ಆಪರೇಷನ್ ಎಂದಾಯಿತು.

ಮಕ್ಕಳ ವಾರ್ಡಿನ ನರ್ಸಮ್ಮ ಹಿಂದಿನ ಸಂಜೆಯೇ ಹೇಳಿದ್ದಳು. "ರಾತ್ರಿ ಊಟ ಆದ್ಮೇಲೆ ಮಗು ಬಾಯಿಗೆ ಏನೂ ಹಾಕ್ಬೇಡಿ. ನೀರು ಕೊಡೋದಾದ್ರೂ ನನ್ನ ಕೇಳಿ. ಆಪರೇಷನ್‌ಗೆ ಪ್ರಜ್ಞೆ ತಪ್ಸೋ ಔಷಧಿ ಕೊಟ್ಟಾಗ ಹೊಟ್ಟೇಲಿ ಇದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋದ್ರೆ ಉಸಿರೇ ನಿಂತುಹೋಗುತ್ತೆ."

ಬೆಳಗಾಯಿತು. ಮಗು ಹಸಿವಿನಿಂದ ರಚ್ಚೆ ಹಿಡಿಯಿತು. ತಾಯಿ ಮುಖ ತೊಳೆಯಲು ಹೋಗಿದ್ದಳು. ತಾತನ ಚೀಲದಲ್ಲಿ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಇತ್ತು, ತುಪ್ಪ ಸುರಿಯುವಂಥದ್ದು. ನೋಡಿ, ಅವನಿಗೆ ಏನನ್ನಿಸಿತು? ಊಟ ಬೇಡ ಎಂದಿದ್ದಾರೆ, ಪ್ರಸಾದ ಊಟವೇ? ಪ್ರಸಾದ ಬೇಡವೆಂದರೆ ದೇವರು ಸುಮ್ಮನಿರುತ್ತಾನೆಯೇ? ಮಗುವಿನ ಬಾಯಿಗೆ ದೊಡ್ಡ ತುತ್ತನ್ನೇ ಇಟ್ಟ. ಆಮೇಲೆ ತುಟಿಯನ್ನು ಶಲ್ಯದಿಂದ ಒರೆಸಿದ. ಒರೆಸಿದ್ದೇಕೆ ಸ್ವಾಮಿ? ತಪ್ಪಲ್ಲದಿದ್ದರೆ ಒರೆಸಬೇಕಿತ್ತೇ?

ನರ್ಸಮ್ಮ ಬಂದಳು. "ಮಗೂಗೆ ಏನಾದ್ರೂ ಕೊಟ್ರಾ?"

"ಇಲ್ಲ ಸಿಸ್ಟರ್" ಎಂದಳು ತಾಯಿ. ಪಾಪ, ಅವಳಿಗೆ ಗೊತ್ತಿಲ್ಲ.

"ನೀವು, ಯಜಮಾನ್ರೇ?"

"ನಮಗೇನು ಅಷ್ಟೂ ತಿಳಿಯಲ್ವೇನಮ್ಮಾ?"

"ಹೌದೋ ಇಲ್ವೋ ಹೇಳಿ."

"ಏನೂ ಕೊಟ್ಟಿಲ್ಲ!" ಎಂದು ಗದರಿದ.

ಮಗುವನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗಿ ಆಪರೇಷನ್ ಕೋಣೆಯ ಮುಂದೆ ಸರದಿಗೆ ನಿಲ್ಲಿಸಿದರು. ಆಗ ಶುರುವಾಯಿತು ನೋಡಿ ಅವನ ಪಾಡು. ಕೂರುತ್ತಾನೆ, ಏಳುತ್ತಾನೆ, ಮತ್ತೆ ಕೂರುತ್ತಾನೆ. ಹೇಳಲೇ? ಸೊಸೆ ಏನೆಂದಾಳು? ಊರೆಲ್ಲ ಕೈಮುಗಿಯುವ ತಾನು ಒಬ್ಬ ನರ್ಸಿನ ಮುಂದೆ ಸುಳ್ಳುಗಾರನಾಗಬೇಕೇ? ಒಂದು ತುತ್ತಿಗೆ ಏನಾದೀತು? ಆಗಿಬಿಟ್ಟರೆ? ಉಸಿರೇ ನಿಲ್ಲುತ್ತದೆ ಎಂದಿದ್ದಳಲ್ಲ! "ನೀನೇ ಕಾಪಾಡಪ್ಪಾ" ಎಂದು ಕಣ್ಣು ಮುಚ್ಚಿದ. ದೇವರೇನು ಮಾಡಬೇಕು ಹೇಳಿ? ಬಾಯಿ ಬಿಡಬೇಕಾದವನು ಇವನು!

ಕಣ್ಣು ತೆರೆದಾಗ ಆಪರೇಷನ್ ಕೋಣೆಯ ಬಾಗಿಲು ಮುಚ್ಚತೊಡಗಿತ್ತು. ಶಲ್ಯ ಜಾರಿದ್ದೂ ತಿಳಿಯದೆ ಓಡಿದ. "ನಿಲ್ಸಮ್ಮಾ! ಸಜ್ಜಿಗೆ ತಿನ್ನಿಸ್ಬಿಟ್ಟಿದೀನಿ. ನಿನ್ಹತ್ರ ಸುಳ್ಳು ಹೇಳ್ದೆ!"

ಮಂಚ ನಿಂತಿತು. ಆಪರೇಷನ್ ಮರುದಿನಕ್ಕೆ ಹೋಯಿತು. ನರ್ಸಮ್ಮ ಬೈಯಲಿಲ್ಲ, ಮಗುವನ್ನು ಎತ್ತಿ ತಾಯಿಗೆ ಕೊಟ್ಟಳು. ಸೊಸೆ ಮಗುವನ್ನು ಅವಚಿಕೊಂಡು ಅತ್ತಳು. "ನಿಮ್ಮ ಮರ್ಯಾದೆಗೆ ನನ್ನ ಮಗೂನ ಕಳ್ಕೋತಿದ್ನಲ್ಲ ಮಾವಾ!" ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ತಲೆ ತಗ್ಗಿಸಿ ನಿಂತ.

ನಗುತ್ತಿದ್ದೀರಿ. ನಗಬೇಡಿ. ಆಸ್ಪತ್ರೆಗೆ ಮಗುವನ್ನು ನೋಡಲು ಹೋಗುವಾಗ ನಿಮ್ಮ ಚೀಲದಲ್ಲಿ ಏನಿರುತ್ತದೆ? ಬಿಸ್ಕತ್ತು, ಬಾಳೆಹಣ್ಣು, ಯಾವುದೋ ಕ್ಷೇತ್ರದ ತೀರ್ಥ. "ಅಯ್ಯೋ, ಕೂಸು ಬಾಡಿಹೋಗಿದೆ" ಎನ್ನುತ್ತ ಬಾಯಿಗೆ ಇಟ್ಟೇಬಿಡುತ್ತೀರಿ. ಇನ್ನು ಮೇಲೆ ಆ ಕೈ ತಡೆಯಿರಿ. ಮೊದಲು ನರ್ಸನ್ನು ಕೇಳಿ. ಆಕೆ ಬೇಡವೆಂದರೆ ಬೇಡ, ಅಷ್ಟೆ. ಪ್ರಸಾದ ನಾಳೆ ಕೊಟ್ಟರೂ ಪ್ರಸಾದವೇ. ಕೊಟ್ಟುಬಿಟ್ಟಿದ್ದರೆ ಆಕೆ ಕೇಳಲಿ ಎಂದು ಕಾಯಬೇಡಿ, ನೀವೇ ಹೋಗಿ ಹೇಳಿ. ಬೈದರೆ ಬೈಸಿಕೊಳ್ಳಿ. ಆ ಶ್ರೀಮಂತನಿಗೆ ಬಾಗಿಲು ಮುಚ್ಚುವಷ್ಟು ಹೊತ್ತಾದರೂ ಸಿಕ್ಕಿತ್ತು. ನಿಮಗೆ ಅದೂ ಸಿಗದೆ ಹೋಗಬಹುದು.