ಖಾನಾವಳಿಗಳ ಶೀಲ್ಡು ಮತ್ತು ‘ಅಕ್ಕೋರ ಮನಿ ಊಟ’

ಮಾನ್ಯ ಅಧ್ಯಕ್ಷರಾದ ಮುದಕಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಒಲೆ ಆರಿಸಿ ಬಂದಿರುವ ಖಾನಾವಳಿ ಮಾಲೀಕರೇ, ಹಿಂದಿನ ಸಾಲಿನಲ್ಲಿ ಇನ್ನೂ ಮಾತು ನಿಲ್ಲಿಸದ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ನಿಮ್ಮ ಸಂಘದ ಕಾರ್ಯದರ್ಶಿ ದುಂಡೇಶ ಈಗಷ್ಟೇ ನನ್ನ ಕಿವಿಯಲ್ಲಿ, “ಅಕ್ಕೋರ, ಗೆದ್ದವ್ರ ಹೆಸರ ಹೇಳಿ ಕುಂಡ್ರರಿ, ಊಟದ ಹೊತ್ತಾತು” ಎಂದರು. ಹೆಸರು ಹೇಳುತ್ತೇನೆ. ಆದರೆ ಲೆಕ್ಕ ಬಿಡಿಸುವ ಕ್ರಮ ತೋರಿಸದೆ ಬರಿಯ ಉತ್ತರ ಬರೆದವರಿಗೆ ನಾನು ಎಂದಾದರೂ ಅಂಕ ಕೊಟ್ಟದ್ದುಂಟೇ? ಹಾಗಿರುವಾಗ ನಾನೇ ಆ ತಪ್ಪನ್ನು ಮಾಡಲೇ?

ಈ ವರ್ಷದ ಶೀಲ್ಡಿನ ನಿಯಮವನ್ನು ಮೊದಲು ನೆನಪಿಸುತ್ತೇನೆ. ಕಳೆದ ವರ್ಷ ಮೂವರು ತೀರ್ಪುಗಾರರು ಒಂದೊಂದು ಖಾನಾವಳಿಯ ಪಲ್ಯವನ್ನೂ ರುಚಿ ನೋಡಿ, ಕೊನೆಗೆ ತಂತಮ್ಮ ಬೀಗರಿಗೇ ಮತ ಹಾಕಿದರು. ಆಮೇಲೆ ನಡೆದದ್ದನ್ನು ಈ ಸಭೆಯಲ್ಲಿ ಹೇಳುವುದು ಶಿಷ್ಟಾಚಾರವಲ್ಲ. ಆಗ ದುಂಡೇಶ ಒಂದು ಉಪಾಯ ಹೂಡಿದರು. ಮೊಬೈಲಿನಲ್ಲಿ ‘ಜಮಖಂಡಿ ಖಾನಾವಳಿ’ ಎಂದು ಹುಡುಕಿದರೆ ಯಾರ ಹೆಸರು ಮೊದಲು ಬರುತ್ತದೋ ಶೀಲ್ಡು ಅವರಿಗೆ. ಜೊತೆಗೆ ಒಂದು ವರ್ಷ ಬಸ್ ನಿಲ್ದಾಣದ ಎದುರಿನ ಫಲಕದಲ್ಲಿ ಅವರ ಹೆಸರು. “ಮೊಬೈಲಿಗೆ ಬೀಗರಿಲ್ರಿ” ಎಂಬುದು ಅವರ ವಾದ. ತೀರ್ಪುಗಾರ್ತಿಯಾಗಿ ನನ್ನನ್ನು ಕರೆದರು. ನನಗೆ ಬೀಗರಿದ್ದಾರೆ, ಆದರೆ ಅವರು ಯಾರೂ ನನ್ನೊಡನೆ ಮಾತನಾಡುವುದಿಲ್ಲ.

ಶೀಲ್ಡು ತಮಗೇ ಎಂದು ಮೊದಲು ಬಂದವರು ಖಾನಾವಳಿ ಮಾಲೀಕರಾದ ಗಿರಿಮಲ್ಲಪ್ಪನವರು. ಮೊಬೈಲನ್ನು ನನ್ನ ಮೂಗಿನ ಬಳಿ ಹಿಡಿದು, “ನೋಡ್ರಿ ಅಕ್ಕೋರ, ಎಲ್ಲಾರ ತಲಿ ಮ್ಯಾಲೆ ನಾ ಅದೇನಿ” ಎಂದರು. ನಿಜ, ಪುಟದ ನೆತ್ತಿಯ ಮೇಲೆ ಅವರೇ ಇದ್ದರು. ಆದರೆ ಹೆಸರಿನ ಮೇಲ್ಗಡೆ ಒಂದು ಸಣ್ಣ ಪದವಿತ್ತು. ಅದನ್ನು ಗಟ್ಟಿಯಾಗಿ ಓದಲು ಹೇಳಿದೆ. ಕನ್ನಡಕ ಮರೆತು ಬಂದೆನೆಂದರು. ನಾನೇ ಓದಿದೆ: ‘ಪ್ರಾಯೋಜಿತ’. ಅಂದರೆ ಹಣ ಕೊಟ್ಟು ಪಡೆದ ಜಾಗ. ಹಣ ಕೊಟ್ಟು ಜಾಹೀರಾತು ಹಾಕಿಸುವುದು ತಪ್ಪಲ್ಲ, ಅದು ವ್ಯಾಪಾರ. ಆದರೆ ಮದುವೆಯ ಮಂಟಪದಲ್ಲಿ ಮುಂದಿನ ಕುರ್ಚಿ ಹಿಡಿದು ಕೂತವನೆಲ್ಲ ಮದುಮಗನಾಗುತ್ತಾನೆಯೇ?

ಬಳಿಕ ಇನ್ನೊಬ್ಬ ಮಾಲೀಕರಾದ ರಘುವೀರರು ಬಂದರು. ಅವರ ವಾದ ಬೇರೆ. ಜಾಹೀರಾತನ್ನು ಬಿಡಿ, ಅದರ ಕೆಳಗಿನ ನಕ್ಷೆಯನ್ನೂ ಬಿಡಿ, ‘ಜನರು ಇವನ್ನೂ ಕೇಳುತ್ತಾರೆ’ ಎಂಬ ಪ್ರಶ್ನೆಗಳ ಸಾಲನ್ನೂ ದಾಟಿ. ಅಲ್ಲಿಂದ ಶುರುವಾಗುವ ಸಾಧಾರಣ ಕೊಂಡಿಗಳಲ್ಲಿ ಅವರ ಜಾಲತಾಣವೇ ಮೊದಲು. ಈ ಸ್ಥಾನ ಕೊಂಡದ್ದಲ್ಲ, ಬರೆದು ಗಳಿಸಿದ್ದು. ಬರೆಯುವವರನ್ನು ಕಂಡರೆ ನನಗೆ ಗೌರವ. ಆದ್ದರಿಂದ ಅವರ ಲೇಖನವನ್ನು ಪೂರ್ತಿ ಓದಿದೆ. ಜೋಳದ ಇತಿಹಾಸವಿದೆ, ಎಳ್ಳಿನ ಗುಣವಿದೆ, ಮಜ್ಜಿಗೆಯ ಮಹಿಮೆಯಿದೆ. ಖಾನಾವಳಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದೊಂದೇ ಇಲ್ಲ. ಹಸಿದವನು ಅಷ್ಟು ಕೆಳಗಿನವರೆಗೆ ಬೆರಳಾಡಿಸುತ್ತಾನೆಯೇ? ಆಡಿಸಿದರೂ ಪ್ರಬಂಧ ಓದುತ್ತಾ ಕೂಡುತ್ತಾನೆಯೇ?

ಹಾಗಾದರೆ ಉಳಿದದ್ದು ನಕ್ಷೆ. ನಕ್ಷೆಯ ಕೆಳಗೆ ಮೂರೇ ಹೆಸರು. ಹುಡುಕುವವನಿಗೆ ಯಾವುದು ಹತ್ತಿರ, ಅವನು ಕೇಳಿದ್ದಕ್ಕೆ ಯಾವುದು ಹೊಂದುತ್ತದೆ, ಉಂಡವರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂಬುದನ್ನೆಲ್ಲ ನೋಡಿ ಆ ಮೂರು ಹೆಸರು ನಿಲ್ಲುತ್ತವೆ. ನಿಮ್ಮ ನಿಮ್ಮ ಗಲ್ಲೆಯ ಮೇಲೆ ಕೂತು ಹುಡುಕಿದರೆ ನಿಮಗೆ ನೀವೇ ಮೊದಲಿಗರಾಗಿ ಕಾಣುವ ಸಂಭವವೇ ಹೆಚ್ಚು. ಮನೆಯ ಕನ್ನಡಿಯಲ್ಲಿ ಎಲ್ಲರೂ ಸುಂದರರೇ. ಆದುದರಿಂದ ಹಸಿದವರು ಬಂದಿಳಿಯುವ ಬಸ್ ನಿಲ್ದಾಣದಲ್ಲಿ ನಿಂತು ಹುಡುಕಿದ್ದೇ ಪ್ರಮಾಣವೆಂದು ನಾನು ನಿರ್ಧರಿಸಿದೆ.

ಅಲ್ಲಿ ಬಹುಕಾಲ ಮೊದಲ ಹೆಸರು ಯಲ್ಲಕ್ಕನದಾಗಿತ್ತು. ನಿಲ್ದಾಣದ ಹಿಂದಿನ ಓಣಿಯೊಳಗೆ ಅವಳ ಖಾನಾವಳಿ. ಬೀದಿಗೆ ಮುಖವಿಲ್ಲ, ಫಲಕವಿಲ್ಲ; ಊರ ಹೊರಗಿನವರಿಗೆ ಮೊಬೈಲೇ ಅವಳ ಹೆಬ್ಬಾಗಿಲು. ಅಂಥವಳ ನಕ್ಷತ್ರಗಳು ಇಳಿದವು. ಏಕೆ? ಎಲ್ಲರೂ ನನ್ನನ್ನೇಕೆ ನೋಡುತ್ತಿದ್ದೀರಿ?

ಹೌದು, ನಾನು ಅವಳಿಗೆ ಮೂರು ನಕ್ಷತ್ರ ಕೊಟ್ಟೆ. ‘ರೊಟ್ಟಿ ತೆಳುವಾಗಿದೆ. ಬದನೆಕಾಯಿ ಹದವಾಗಿದೆ. ಇನ್ನೂ ಪ್ರಗತಿ ಸಾಧಿಸಬಹುದು’ ಎಂದು ಷರಾ ಬರೆದೆ. ನಾನೊಬ್ಬಳು ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಕ್ಕೋರಿಗಿಂತ ಹೆಚ್ಚು ಕೊಡುವ ಧೈರ್ಯ ಈ ಊರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬರಲಿಲ್ಲ. ಉಂಡವರೆಲ್ಲ ಮೂರನ್ನೇ ಒತ್ತಿದರು. ಆ ಶಿಸ್ತನ್ನು ಅವರು ತರಗತಿಯಲ್ಲಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಯಲ್ಲಕ್ಕ ನನ್ನ ಮನೆಗೆ ಬಂದಳು. ಅವಳೂ ನನ್ನ ವಿದ್ಯಾರ್ಥಿನಿಯೇ.

“ಅಕ್ಕೋರ, ಮೂರ ಯಾಕ್ರಿ?”

“ಐದಕ್ಕೆ ಮೂರೆಂದರೆ ನೂರಕ್ಕೆ ಅರವತ್ತು. ಪ್ರಥಮ ದರ್ಜೆ” ಎಂದೆ.

“ಸಾಲ್ಯಾಗ ಅದು ಫಸ್ಟ್ ಕ್ಲಾಸ್ರಿ. ಮೊಬೈಲ್ದಾಗ ನಪಾಸ್. ಮಂದಿ ಮೂರು ಚುಕ್ಕಿ ನೋಡಿ ಹೊಳ್ಳಿ ಹೊಂಟಾರ. ಎರಡ ಒಲಿ ಹಚ್ಚತಿದ್ನಿ, ಈಗ ಒಂದ ಆರೇತಿ.”

ಅಂಗಲಾಚಿದವರಿಗೆ ಅಂಕ ಏರಿಸುವ ಪದ್ಧತಿ ನನ್ನಲ್ಲಿಲ್ಲವೆಂದೆ. ಅವಳು ಮರುಮಾತಾಡದೆ ಹೋದಳು. ಯಲ್ಲಕ್ಕ ಸುಮ್ಮನಾದಳೆಂದರೆ ಏನೋ ನಡೆಸಿದ್ದಾಳೆಂದೇ ಅರ್ಥ. ಏಳನೆಯ ಇಯತ್ತೆಯಲ್ಲಿ ನನ್ನ ಕುರ್ಚಿಗೆ ಗೋಂದು ಹಚ್ಚುವ ಮೊದಲೂ ಅವಳು ಹೀಗೆಯೇ ಸುಮ್ಮನಿದ್ದಳು.

ಕೆಲವು ದಿನಗಳ ನಂತರ ಮಧ್ಯಾಹ್ನ ಬಾಗಿಲ ಬಡಿತ. ತೇರದಾಳದ ಒಂದು ಕುಟುಂಬ ಚೀಲ ಹಿಡಿದು ನಿಂತಿದೆ.

“‘ಅಕ್ಕೋರ ಮನಿ ಊಟ’ ಇದ ಏನ್ರಿ?”

ಯಲ್ಲಕ್ಕನ ಮಗಳು ರೇಷ್ಮಾ ನನ್ನ ಮನೆಯನ್ನು ಖಾನಾವಳಿಯೆಂದು ನಕ್ಷೆಗೆ ಏರಿಸಿದ್ದಳು. ಯಾರ ಕೈವಾಡವೆಂದು ತಿಳಿಯುವುದು ಕಷ್ಟವಾಗಲಿಲ್ಲ. ನನ್ನ ಮನೆಯ ಚಿತ್ರವನ್ನು ಯಲ್ಲಕ್ಕನ ಮಾಳಿಗೆಯಿಂದಲೇ ತೆಗೆಯಲಾಗಿತ್ತು. ಒಗೆದು ಹಾಕಿದ ನನ್ನ ಪತ್ತಲವೂ ಅದರಲ್ಲಿತ್ತು.

ಆ ನಮೂದನ್ನು ಅಂದೇ ಅಳಿಸಲು ಕೋರಬಹುದಿತ್ತು. ಕೋರಲಿಲ್ಲ. ಹಸಿದು ಬಂದವರನ್ನು ಹೇಗೆ ಕಳುಹಿಸಲಿ? ಒಳಗೆ ಕೂಡಿಸಿದೆ. ಅವರು ಉಣ್ಣುತ್ತಿರುವಾಗ ನುಡಿಯ ಶುದ್ಧಿಯ ಬಗ್ಗೆ ನಾಲ್ಕು ಮಾತು ಹೇಳಿದೆ. ಸಭಿಕರೇ, ಗಂಟೆ ಬಾರಿಸಿದೊಡನೆ ಓಡುವ ಮಕ್ಕಳಿಗೆ ನಾನು ಜೀವಮಾನವೆಲ್ಲ ಕಲಿಸಿದೆ. ಎದುರಿಗೆ ತುಂಬಿದ ತಾಟು ಇಟ್ಟುಕೊಂಡವರು ಎದ್ದು ಹೋಗಲಾರರು. ಇಂಥ ತರಗತಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮರುದಿನ ಬೀಳಗಿಯವರು ಬಂದರು. ಆಮೇಲೆ ಹುನ್ನೂರಿನವರು. ಬನಹಟ್ಟಿಯ ನೂಲಿನ ವ್ಯಾಪಾರಿಗಳಂತೂ ವಾರಕ್ಕೊಮ್ಮೆ ಬರತೊಡಗಿದರು. ನಕ್ಷತ್ರಗಳು ಐದೈದಾಗಿ ಬಿದ್ದವು. ನಿಲ್ದಾಣದಲ್ಲಿ ನಿಂತು ಹುಡುಕಿದರೆ ನನ್ನ ಮನೆ ಮೊದಲು, ಯಲ್ಲಕ್ಕ ಎರಡನೆಯವಳು.

ಹೋದ ವಾರ ತಾಯಿ ಮಗಳು ಇಬ್ಬರೂ ಬಂದು ನನ್ನ ಕಟ್ಟೆಯ ಮೇಲೆ ಕೂತರು. “ಚಾಷ್ಟಿ ಮಾಡಾಕ ಹೋಗಿ ನಮ್ಮ ತಲಿ ಮ್ಯಾಲೆ ನಾವ ಕಲ್ಲ ಎಳಕೊಂಡೇವ್ರಿ. ಅದನ್ನ ತಗಸ್ರಿ ಅಕ್ಕೋರ. ಆ ಬೋರ್ಡಿನ ಮ್ಯಾಲೆ ಹೆಸರ ಬರಲಿಲ್ಲಂದ್ರ ಇನ್ನೊಂದ ಒಲೀನೂ ಆರತೈತಿ” ಎಂದಳು ಯಲ್ಲಕ್ಕ. ಪರೀಕ್ಷೆ ನಡೆಯುವಾಗ ಉತ್ತರಪತ್ರಿಕೆಯನ್ನು ಮುಟ್ಟಲಾಗದೆಂದು ನಾನು ಹೇಳಿದೆ. ಅವಳ ಕಣ್ಣು ತುಂಬಿತ್ತು. ನಾನು ಅದನ್ನು ನೋಡಿಯೂ ನೋಡದಂತೆ ಇದ್ದೆ.

ಈಗ ಫಲಿತಾಂಶ. ನಿಯಮದ ಪ್ರಕಾರ ಮೊದಲ ಸ್ಥಾನ ‘ಅಕ್ಕೋರ ಮನಿ ಊಟ’.

ಗದ್ದಲ ಬೇಡ. ಗಿರಿಮಲ್ಲಪ್ಪನವರೇ, ಕುಳಿತುಕೊಳ್ಳಿ. ಇನ್ನೂ ಒಂದು ಸಾಲು ಬಾಕಿ ಇದೆ.

ನನ್ನ ಕೈಯ ರೊಟ್ಟಿಯನ್ನು ತಿಂದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಇದ್ದರೆ ನಿಮ್ಮ ಹಲ್ಲುಗಳ ಕ್ಷೇಮ ವಿಚಾರಿಸಬೇಕಾಗಿದೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಪ್ರತಿ ಮಧ್ಯಾಹ್ನ ನಾನು ಹಿತ್ತಿಲ ಬಾಗಿಲಿನಿಂದ ಓಣಿ ದಾಟಿ ಯಲ್ಲಕ್ಕನ ಖಾನಾವಳಿಗೆ ಹೋಗಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತರುತ್ತಿದ್ದೆ. ಉಂಡವರು ಕೊಟ್ಟ ಹಣ ಅವಳ ಗಲ್ಲೆಗೇ ಹೋಗುತ್ತಿತ್ತು. “ಒಬ್ಬರ ಹೊಟ್ಟಿಗಿ ಇಷ್ಟ ರೊಟ್ಟಿ ಏನ ಮಾಡ್ತೀರಿ?” ಎಂದು ಅವಳು ಕೇಳಿದಾಗ, ವಯಸ್ಸಾದ ಮೇಲೆ ಹಸಿವು ಹೆಚ್ಚೆಂದೆ. ಬಂದವರಿಗೆ ನಾನೇ ಅಡುಗೆ ಮಾಡುತ್ತೇನೆಂದೇ ಅವಳು ತಿಳಿದಿದ್ದಳು. ಯಲ್ಲಕ್ಕಾ, ತೆರೆದ ಬಾಯಿ ಮುಚ್ಚು. ಹೌದು, ಖರೆ.

ಐದು ನಕ್ಷತ್ರ ನನ್ನ ಮಾತಿಗೆ ಬಂದಿರಬಹುದಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಬನಹಟ್ಟಿಯ ವ್ಯಾಪಾರಿಯೊಬ್ಬರು ಬರೆದದ್ದನ್ನು ಇದ್ದಂತೆಯೇ ಓದುತ್ತೇನೆ: ‘ರೊಟ್ಟಿ ಭಾಳ ಛಲೋ. ಅಕ್ಕೋರು ಭಾಳ ಮಾತಾಡ್ತಾರ. ಆದ್ರೂ ಐದು.’ ನಕ್ಷತ್ರಗಳು ನನ್ನಿಂದಾಗಿ ಬಂದವಲ್ಲ, ನನ್ನನ್ನು ತಾಳಿಕೊಂಡು ಬಂದವು. ಶೀಲ್ಡು ಊಟಕ್ಕೆ, ಊಟ ಯಲ್ಲಕ್ಕನದು. ಆದ್ದರಿಂದ ಈ ವರ್ಷದ ಶೀಲ್ಡು ಯಲ್ಲಕ್ಕನಿಗೆ. ಫಲಕದ ಮೇಲಿನ ಹೆಸರೂ ಅವಳದೇ.

ಮೇಲೆ ಬಾ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದು ಸಾಕು.

ಕೊಟ್ಟ ಅಂಕವನ್ನು ನಾನು ತಿದ್ದುವವಳಲ್ಲ. ಆದರೆ ಮರುಪರೀಕ್ಷೆಗೆ ಅವಕಾಶವುಂಟು. ಇಂದೇ ಮಧ್ಯಾಹ್ನ ನಿನ್ನ ಖಾನಾವಳಿಗೆ ಊಟಕ್ಕೆ ಬರುತ್ತೇನೆ, ಈ ಸಲ ಮುಂಬಾಗಿಲಿನಿಂದ. ನನ್ನ ಮನೆಯನ್ನು ನಕ್ಷೆಯಿಂದ ಇಳಿಸುವ ಕೆಲಸವನ್ನು ರೇಷ್ಮಾ ಮಾಡಲಿ. ಇಂದು ನನ್ನ ಬಾಗಿಲಿಗೆ ಬರುವವರನ್ನೆಲ್ಲ ನಾನೇ ಕರೆದುಕೊಂಡು ಬರುತ್ತೇನೆ. ಎರಡೂ ಒಲೆ ಹೊತ್ತಿಸು. ಮತ್ತು ಬಾಗಿಲ ಪಕ್ಕದ ಮೇಜನ್ನು ನಾಳೆಯಿಂದ ನನಗೇ ಬಿಡು. ಉಣ್ಣಲು ಕೂತವರಿಗೆ ಪಾಠ ಅಲ್ಲಿಂದಲೇ ನಡೆಯುತ್ತದೆ.

ಹಸಿವೆ ತಡೆದು ನನ್ನನ್ನು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ತೇರದಾಳದ ಬಸ್ಸು ಬರುವ ಹೊತ್ತಾಯಿತು, ಊಟಕ್ಕೆ ಬರುವವರನ್ನು ಕರೆತರಲು ನಾನು ಹೊರಡಲೇಬೇಕು. ನಮಸ್ಕಾರ.